ಬಿಲ್ಲು ಹದಕ್ಕೆ ಬರುವ ಬಗೆ

ಆಲ್ಪ್ಸ್ ಪರ್ವತದ ಹಿಮದಲ್ಲಿ 1991ರಲ್ಲಿ ಸಿಕ್ಕ, ಸುಮಾರು 5,300 ವರ್ಷ ಹಿಂದಿನ ‘ಓಟ್ಸಿ’ ಎಂಬ ಮನುಷ್ಯನ ಶವದ ಬಳಿ ಯೂ ಮರದ ಬಿಲ್ಲೊಂದಿತ್ತು. ಉದ್ದ 1.82 ಮೀಟರ್, ಆತನಿಗಿಂತ ಎತ್ತರ. ಮೈತುಂಬ ಕೊಡಲಿ ಏಟಿನ ಗುರುತು; ಹೆದೆ ಕಟ್ಟಲು ತುದಿಯಲ್ಲಿ ಕಚ್ಚು ಇಲ್ಲ. ಬಿಲ್ಲಿಗೆ ಆಕಾರ ಬಂದಿತ್ತು, ಹದ ಬಂದಿರಲಿಲ್ಲ. ಮರದ ಬಿಲ್ಲಿನ ಕಸುಬೆಲ್ಲ ಇರುವುದು ಇವೆರಡರ ನಡುವೆ.

ಯೂ ಯುರೋಪಿನ ಬಿಲ್ಲುಗಾರರ ಅಚ್ಚುಮೆಚ್ಚಿನ ಮರ. ತೊಗಟೆಯ ಕೆಳಗಿನ ಬಿಳಿ ಪದರ ಎಳೆತವನ್ನು ತಾಳುತ್ತದೆ, ಒಳಗಿನ ಕೆಂಗಂದು ಚೇಗು ಒತ್ತಡವನ್ನು. ಹಾಗಾಗಿ ಬಿಳಿ ಭಾಗ ಗುರಿಯತ್ತ ಇರುವ ‘ಬೆನ್ನು’, ಚೇಗು ಬಿಲ್ಲುಗಾರನತ್ತ ಇರುವ ‘ಹೊಟ್ಟೆ’. ಇಂಗ್ಲೆಂಡಿಗೆ ಈ ಮರ ಎಷ್ಟು ಬೇಕಿತ್ತೆಂದರೆ, ಹಡಗಿನಲ್ಲಿ ಬರುವ ಪ್ರತಿ ಟನ್ ಸರಕಿನ ಜೊತೆ ಬಿಲ್ಲಿಗಾಗುವ ನಾಲ್ಕು ಮರದ ಕೋಲುಗಳೂ ಬರಬೇಕೆಂದು 1472ರಲ್ಲಿ ಕಾನೂನೇ ಆಯಿತು.

ದಿಮ್ಮಿಯನ್ನು ಬೆಣೆ ಹೊಡೆದು ಸೀಳುವುದು ಲೇಸು. ಸೀಳು ನಾರಿನ ದಾರಿಯನ್ನೇ ಹಿಡಿಯುತ್ತದೆ. ಚೆನ್ನಾಗಿ ಒಣಗಿದ ಮೇಲೆ ಕೆಲಸ ಶುರು. ಬೆನ್ನಿನ ನಾರು ಕಡಿದರೆ ಬಿಲ್ಲು ಅಲ್ಲಿಂದಲೇ ಮುರಿಯಬಹುದು. ಆದ್ದರಿಂದ ಹೆರೆಯುವುದೆಲ್ಲ ಹೊಟ್ಟೆಯ ಕಡೆ.

ಇನ್ನು ಹದಗೊಳಿಸುವುದು. ಇಂಗ್ಲಿಷಿನಲ್ಲಿ ಇದಕ್ಕೆ ‘ಟಿಲ್ಲರಿಂಗ್’ ಎನ್ನುತ್ತಾರೆ. ಗೋಡೆಗೆ ಹೊಡೆದ ಗೂಟದ ಮೇಲೆ ಬಿಲ್ಲಿನ ಹಿಡಿಯನ್ನು ಕೂರಿಸಿ, ಉದ್ದನೆಯ ಸಡಿಲ ಹೆದೆ ಕಟ್ಟಿ, ರಾಟೆಯ ಹಗ್ಗದಿಂದ ಎರಡು ಮೂರು ಇಂಚು ಕೆಳಗೆಳೆದು, ದೂರ ನಿಂತು ನೋಡುತ್ತಾರೆ. ಎರಡೂ ತೋಳು ಕಾಮನಬಿಲ್ಲಿನಂತೆ ಒಂದೇ ಸಮ ಬಾಗಬೇಕು. ಸೆಟೆದು ನಿಂತ ಜಾಗಕ್ಕೆ ಪೆನ್ಸಿಲ್ ಗುರುತು ಬೀಳುತ್ತದೆ. ಅಲ್ಲಿ ಮಾತ್ರ ಚಾಕುವಿನಿಂದ ತೆಳ್ಳಗೆ ಹೆರೆಯುತ್ತಾರೆ. ಹೆಚ್ಚು ಬಾಗುವ ಜಾಗವನ್ನು ಮುಟ್ಟುವಂತಿಲ್ಲ. ಅದರ ದೌರ್ಬಲ್ಯಕ್ಕೆ ಉಳಿದ ಮರವನ್ನೆಲ್ಲ ಹೊಂದಿಸಬೇಕು. ಪ್ರತಿ ಸಲ ಹೆರೆದ ಮೇಲೂ ಇಪ್ಪತ್ತು ಮೂವತ್ತು ಬಾರಿ ಎಳೆದು ಬಿಡುತ್ತಾರೆ. ತೆಗೆದದ್ದರ ಪರಿಣಾಮ ಆಗಲೇ ಕಾಣುವುದು. ಆಮೇಲೆ ಇನ್ನೊಂದು ಇಂಚು. ಅವಸರಪಟ್ಟರೆ ಹೊಟ್ಟೆಯ ನಾರು ಮಡಚಿಕೊಂಡು ಕೂದಲೆಳೆಯಂಥ ಅಡ್ಡಗೆರೆ ಮೂಡುತ್ತದೆ. ಆ ಬಿಲ್ಲನ್ನು ನೆಚ್ಚುವಂತಿಲ್ಲ.

ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿಯ ‘ಮೇರಿ ರೋಸ್’ ಹಡಗು ಮುಳುಗಿದ್ದು 1545ರಲ್ಲಿ, ಅದನ್ನು ಮೇಲೆತ್ತಿದ್ದು 1982ರಲ್ಲಿ. ಅದರೊಳಗಿದ್ದ ಯೂ ಬಿಲ್ಲುಗಳು ಈಗ ಪೋರ್ಟ್ಸ್‌ಮತ್‌ನ ವಸ್ತುಸಂಗ್ರಹಾಲಯದಲ್ಲಿವೆ. ಮರದಲ್ಲಿ ಗಂಟು ಬಂದಲ್ಲಿ ಅದನ್ನು ನುಣ್ಣಗೆ ಹೆರೆಯದೆ ಉಬ್ಬಾಗಿಯೇ ಉಳಿಸಿದ್ದಾರೆ. ಎಂದಾದರೂ ಅಲ್ಲಿಗೆ ಹೋದರೆ ಆ ಉಬ್ಬುಗಳನ್ನು ತಪ್ಪದೆ ನೋಡಿ. ಬಲ್ಲ ಕೈ ತಡೆದು ನಿಂತ ಜಾಗಗಳು ಅವು.