ಸೌರ ಫಲಕದ ಕೆಳಗಿನ ಎಕರೆ: ಬಾಡಿಗೆಯಾಚೆಯ ಲೆಕ್ಕ

ಕಲ್ಲಿದ್ದಲು ಸ್ಥಾವರಕ್ಕೆ ಇಂಧನವು ರೈಲಿನಲ್ಲಿ ಬರುತ್ತದೆ. ಅದಕ್ಕಾಗಿ ಅಗೆದ ಭೂಮಿ ಬೇರೆಲ್ಲೋ ಇರುತ್ತದೆ. ಸೌರ ವಿದ್ಯುತ್ತಿಗಾದರೋ ಭೂಮಿ ಸ್ಥಾವರವಿರುವಲ್ಲಿಯೇ ಬೇಕು. ತುಮಕೂರು ಜಿಲ್ಲೆಯ ಪಾವಗಡ ಸೌರ ಪಾರ್ಕು 2,050 ಮೆಗಾವ್ಯಾಟ್ ಸಾಮರ್ಥ್ಯಕ್ಕೆ ಸುಮಾರು 13,000 ಎಕರೆಯನ್ನು ಆವರಿಸಿದೆ. ಅಂದರೆ ಮೆಗಾವ್ಯಾಟ್ ಒಂದಕ್ಕೆ ಆರು ಎಕರೆಗೂ ಅಧಿಕ. ಅಲ್ಲಿ ಜಮೀನನ್ನು ಕ್ರಯಕ್ಕೆ ಕೊಳ್ಳದೆ, ಎಕರೆಗೆ ವಾರ್ಷಿಕ ರೂ. 21,000 ಆರಂಭಿಕ ದರದಲ್ಲಿ ರೈತರಿಂದ ದೀರ್ಘಾವಧಿ ಗುತ್ತಿಗೆಗೆ ಪಡೆಯಲಾಯಿತು. ಮಳೆ ಕೈಕೊಡುತ್ತಿದ್ದ ಶೇಂಗಾ ಹೊಲಗಳಿಗೆ ಇದು ನಷ್ಟದ ವ್ಯವಹಾರವಾಗಿರಲಿಲ್ಲ. ಜಮೀನಿಲ್ಲದ ಕೂಲಿಕಾರರ ಮಾತು ಬೇರೆ. ಆದರೆ ಬಾಡಿಗೆಯ ಏರಿಕೆ ಎರಡು ವರ್ಷಕ್ಕೊಮ್ಮೆ ಶೇ. 5 ಮಾತ್ರ. ಬೆಲೆಯೇರಿಕೆ ಅದಕ್ಕಿಂತ ವೇಗವಾಗಿದ್ದರೆ ಬಾಡಿಗೆಯ ನಿಜಮೌಲ್ಯ ವರ್ಷವರ್ಷವೂ ಕುಗ್ಗುತ್ತದೆ. ಇದಲ್ಲದೆ ಬೆಳೆಯ ಆದಾಯಕ್ಕಿರುವ ಆದಾಯ ತೆರಿಗೆ ವಿನಾಯಿತಿ ಈ ಬಾಡಿಗೆಗೆ ದೊರೆಯದು.

ಪಾವಗಡದ ಸೂತ್ರವನ್ನು ಕಲಬುರಗಿ ಜಿಲ್ಲೆಯ ಎರೆ ಭೂಮಿಗೆ ಯಥಾವತ್ತಾಗಿ ಅನ್ವಯಿಸಲಾಗದು. ಅಫಜಲಪುರ ತಾಲ್ಲೂಕಿನ ಸೊನ್ನದಲ್ಲಿ ಭೀಮಾ ನದಿಗೆ ಬ್ಯಾರೇಜು ಇದೆ; ನೀರು ತಲುಪಿದ ಹೊಲದ ಆದಾಯ ಒಣ ಹೊಲದ್ದಲ್ಲ. ನೀರು ತಲುಪದೆಡೆ ಬೆಳೆಯುವುದು ತೊಗರಿ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬೆಳೆ ಇದು, ಜಿಲ್ಲೆಯ ದಾಲ್ ಮಿಲ್ಲುಗಳ ಕಚ್ಚಾಮಾಲೂ ಇದೇ.

ಉದಾಹರಣೆಗೆ, 100 ಮೆಗಾವ್ಯಾಟ್ ಸ್ಥಾವರಕ್ಕೆ 600 ಎಕರೆ ಹೋಯಿತೆನ್ನೋಣ. ಎಕರೆಗೆ 4 ಕ್ವಿಂಟಲ್ ಎಂದು ಹಿಡಿದರೆ 2,400 ಕ್ವಿಂಟಲ್ ತೊಗರಿ ಮಾರುಕಟ್ಟೆಗೆ ಬರದು. ದೇಶದ ಲೆಕ್ಕದಲ್ಲಿ ಇದು ಅತ್ಯಲ್ಪ. ಮಧ್ಯಮ ಗಾತ್ರದ ಮಿಲ್ಲಿಗಾದರೆ ಹಲವು ದಿನಗಳ ಕೆಲಸ. ಕೊರತೆ ತುಂಬುವುದು ಮೊಜಾಂಬಿಕ್, ತಾಂಜಾನಿಯಾ, ಮ್ಯಾನ್ಮಾರ್‌ಗಳ ಮಾಲು. ಕೇಂದ್ರ ಸರ್ಕಾರವು 2021ರ ಮೇ ತಿಂಗಳಲ್ಲಿ ತೊಗರಿಯ ಆಮದನ್ನು ನಿರ್ಬಂಧಿತ ವರ್ಗದಿಂದ ಮುಕ್ತ ವರ್ಗಕ್ಕೆ ತಂದಿತು. ಆಮದು ಮಾಲಿನಿಂದ ಬಂದರಿನ ಸಮೀಪದ ಮಿಲ್ಲಿಗೆ ಅನುಕೂಲ. ಕಲಬುರಗಿಯವರಿಗೆ ಲಾರಿ ಬಾಡಿಗೆ ಹೆಚ್ಚುವರಿ.

ಹೊಲವನ್ನು ಮುಚ್ಚುವ ಫಲಕವೂ ಬಹುಕಾಲ ಚೀನಾದಿಂದಲೇ ಬರುತ್ತಿತ್ತು. 2022ರ ಏಪ್ರಿಲ್ 1ರಿಂದ ಫಲಕಗಳಿಗೆ ಶೇ. 40, ಕೋಶಗಳಿಗೆ ಶೇ. 25 ಮೂಲ ಸೀಮಾ ಸುಂಕ ವಿಧಿಸಿದ ನಂತರ ದೇಶೀಯ ಫಲಕ ತಯಾರಿಕೆ ಬೆಳೆದಿದೆ. ಆದಾಗ್ಯೂ ಕೋಶಗಳಿಗೆ ಹೊರದೇಶದ ಅವಲಂಬನೆ ಇನ್ನೂ ತಪ್ಪಿಲ್ಲ. ಹೀಗಾಗಿ ಒಂದೇ ಎಕರೆಯ ನಿಮಿತ್ತ ಬೇಳೆಯ ಬಾಬಿನಲ್ಲೂ ಯಂತ್ರದ ಬಾಬಿನಲ್ಲೂ ವಿದೇಶಿ ವಿನಿಮಯ ಹೊರಹೋಗಬಹುದು. ಕಲ್ಲಿದ್ದಲಿನ ಆಮದು ತಗ್ಗಿದರೆ ಅಷ್ಟನ್ನು ಇದರಿಂದ ಕಳೆಯಬೇಕು.

ಮಿಲ್ ಮಾಲೀಕರಿಗೆ ಹೊಲ ಬೇಡದ ದಾರಿಯೂ ಇದೆ. ಕಿಲೋವ್ಯಾಟಿಗೆ ಸುಮಾರು 100 ಚದರ ಅಡಿಯಂತೆ, 10,000 ಚದರ ಅಡಿ ಗೋದಾಮಿನ ಚಾವಣಿಯಲ್ಲಿ 100 ಕಿಲೋವ್ಯಾಟ್ ಅಳವಡಿಸಬಹುದು. ತಗಡಿನ ಚಾವಣಿ ಆ ಭಾರ ತಡೆಯುವುದೇ ಎಂಬುದನ್ನು ಮೊದಲು ಇಂಜಿನಿಯರರಿಂದ ಪರೀಕ್ಷಿಸಿಕೊಳ್ಳಬೇಕು. ತೊಗರಿ ಒಣಗಿಸುವ ಅಂಗಳದ ಮೇಲೆ ಮಾತ್ರ ಫಲಕ ಹಾಕಿಸಬಾರದು. ಅಲ್ಲಿ ಬಿಸಿಲು ಆಗಲೇ ಬೇಳೆಯ ಕೆಲಸದಲ್ಲಿದೆ.