ತೀರ್ಪಿನ ಹಿಂದಿರುವ ಓದು

ನ್ಯಾಯಾಲಯವೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವವರು ಪೀಠದಲ್ಲಿ ಕುಳಿತ ನ್ಯಾಯಾಧೀಶರು, ವಾದಿಸುವ ವಕೀಲರು ಮತ್ತು ಕಟಕಟೆಯಲ್ಲಿರುವ ಆರೋಪಿ. ಅಮೆರಿಕದ ಅನೇಕ ಕ್ರಿಮಿನಲ್ ನ್ಯಾಯಾಲಯಗಳಲ್ಲಿ ಇವರಾರ ಸಾಲಿಗೂ ಸೇರದ ಇನ್ನೊಬ್ಬರು ತೆರೆಮರೆಯಲ್ಲಿ ದುಡಿಯುತ್ತಾರೆ. ಯಾವ ಕಕ್ಷಿಯ ಪರವಾಗಿಯೂ ವಾದಿಸದೆ, ನ್ಯಾಯಾಧೀಶರಿಗಾಗಿ ಕಡತಗಳನ್ನು ಓದಿ ಟಿಪ್ಪಣಿ ಸಿದ್ಧಪಡಿಸುವ ಈ ಕಾನೂನುತಜ್ಞರಿಗೆ ಸ್ಟಾಫ್ ಅಟಾರ್ನಿ ಎಂದು ಹೆಸರು.

ಇವರ ಕೆಲಸದ ಭಾರವೆಷ್ಟೆಂಬುದಕ್ಕೆ ಟೆಕ್ಸಾಸ್ ರಾಜ್ಯವೊಂದು ಉತ್ತಮ ನಿದರ್ಶನ. ಅಲ್ಲಿ ಗಂಭೀರ ಅಪರಾಧಕ್ಕಾಗಿ ಮರಣದಂಡನೆಯಲ್ಲದ ಶಿಕ್ಷೆ ಅಂತಿಮಗೊಂಡ ಬಳಿಕವೂ, ತನಗೆ ಅನ್ಯಾಯವಾಗಿದೆಯೆಂದು ಕೈದಿಯು ಹೇಬಿಯಸ್ ಕಾರ್ಪಸ್ ಅರ್ಜಿ ಸಲ್ಲಿಸಬಹುದು. ಅರ್ಜಿಯು ಶಿಕ್ಷೆ ವಿಧಿಸಿದ ನ್ಯಾಯಾಲಯಕ್ಕೇ ಮೊದಲು ಬರುತ್ತದೆ. ಸರ್ಕಾರದ ಉತ್ತರಕ್ಕೆ ನೀಡಿದ ಅವಧಿ ಮುಗಿದ ಮೇಲೆ, ವಿವಾದಿತ ಸಂಗತಿಗಳೇನಾದರೂ ಇತ್ಯರ್ಥವಾಗದೆ ಉಳಿದಿವೆಯೇ ಎಂಬುದನ್ನು ಆ ನ್ಯಾಯಾಲಯವು 20 ದಿನಗಳೊಳಗೆ ನಿರ್ಧರಿಸಬೇಕು. ಅಂತಿಮ ನಿರ್ಣಯವು ಒಂಬತ್ತು ನ್ಯಾಯಾಧೀಶರುಳ್ಳ ರಾಜ್ಯದ ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯಕ್ಕೆ ಸೇರಿದ್ದು.

ಈ ಹಂತದಲ್ಲಿ ಬಡ ಕೈದಿಗೆ ವಕೀಲರ ನೆರವು ಸಂವಿಧಾನದತ್ತ ಹಕ್ಕಲ್ಲವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1987ರಲ್ಲಿ ತೀರ್ಪಿತ್ತಿದೆ. ಆದುದರಿಂದ ಹಲವರು ಸೆರೆಮನೆಯಿಂದ ಸ್ವತಃ ಬರೆದು ಕಳುಹಿಸುತ್ತಾರೆ. ಭಾಷೆ ಒರಟು, ವಿಷಯ ಅಸ್ತವ್ಯಸ್ತ. ಮೊದಲ ಅರ್ಜಿ ತಿರಸ್ಕೃತವಾದರೆ ಎರಡನೆಯದಕ್ಕೆ ಅವಕಾಶ ಬಲು ವಿರಳ. ಅರ್ಜಿಯ ಒಂದೊಂದು ಮಾತನ್ನೂ ವಿಚಾರಣೆಯ ದಾಖಲೆಯೊಡನೆ ತಾಳೆನೋಡುವವರು ಒಂದು ಪುಟವನ್ನು ಅವಸರದಲ್ಲಿ ಮಗುಚಿದರೆ, ಒಬ್ಬನ ಉಳಿದ ಬಾಳೇ ಆ ಪುಟದಡಿ ಮುಚ್ಚಿಹೋದೀತು!

ಕೈದಿಯ ಕೈಬರಹಕ್ಕೆ ಎಷ್ಟು ಶಕ್ತಿಯಿದೆಯೆಂಬುದನ್ನು ಗಿಡಿಯನ್ ಪ್ರಕರಣ ತೋರಿಸಿತು. ಫ್ಲಾರಿಡಾದ ಕ್ಲಾರೆನ್ಸ್ ಅರ್ಲ್ ಗಿಡಿಯನ್ ಎಂಬ ಬಡವನ ಮೇಲೆ 1961ರಲ್ಲಿ ಕನ್ನಗಳವಿನ ಆರೋಪ ಬಂದಿತು. ವಕೀಲರನ್ನು ಒದಗಿಸಬೇಕೆಂಬ ಆತನ ಬೇಡಿಕೆಯನ್ನು ನಿರಾಕರಿಸಿ ಐದು ವರ್ಷ ಸೆರೆವಾಸ ವಿಧಿಸಲಾಯಿತು. ಆತ ಸೆರೆಮನೆಯ ಕಾಗದದ ಮೇಲೆ ಪೆನ್ಸಿಲಿನಿಂದ ಬರೆದ ಅರ್ಜಿ 1962ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವನ್ನು ತಲುಪಿತು. ಇಂತಹ ಬಡವರ ಅರ್ಜಿಗಳನ್ನು ಅಂದು ಮೊದಲು ಓದುತ್ತಿದ್ದವರು ಮುಖ್ಯ ನ್ಯಾಯಮೂರ್ತಿಗಳ ತರುಣ ಸಹಾಯಕರೇ. 1963ರಲ್ಲಿ ನ್ಯಾಯಾಲಯವು ಗಿಡಿಯನ್ನನ ಪರವಾಗಿ ತೀರ್ಪಿತ್ತಿತು. ವಕೀಲರೊಡನೆ ಮರುವಿಚಾರಣೆ ನಡೆದಾಗ ಆತ ನಿರ್ದೋಷಿಯೆನಿಸಿ ಬಿಡುಗಡೆ ಹೊಂದಿದನು.

ಸ್ಟಾಫ್ ಅಟಾರ್ನಿಯ ಅಧಿಕಾರಕ್ಕೆ ಎಲ್ಲೆಯೂ ಉಂಟು. ಅವರು ಕರಡು ಬರೆಯಬಹುದು. ನಿರ್ಧಾರ ಮಾತ್ರ ನ್ಯಾಯಾಧೀಶರದು. ಒಂದು ಕಕ್ಷಿಯೊಡನೆ ಪ್ರಕರಣವನ್ನು ಗುಟ್ಟಾಗಿ ಚರ್ಚಿಸುವಂತಿಲ್ಲ. ಕಚೇರಿಯ ಗೋಪ್ಯವನ್ನು ಮನೆಯಲ್ಲಿಯೂ ಆಡುವಂತಿಲ್ಲ. ನೊಂದವರ ದುಃಖ, ಕೈದಿಯ ಮೊರೆ ಎರಡನ್ನೂ ಒಂದೇ ಮೇಜಿನ ಮೇಲೆ ಓದಿ, ಯಾವುದಕ್ಕೂ ವಾಲದೆ ಬರೆಯುವುದು ಸುಲಭದ ಸಾಧನೆಯಲ್ಲ.

ನಮ್ಮ ಸರ್ವೋಚ್ಚ ನ್ಯಾಯಾಲಯದಲ್ಲಿಯೂ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿಯೂ ನ್ಯಾಯಮೂರ್ತಿಗಳ ಸಂಶೋಧನೆಗೆ ನೆರವಾಗಲು ಕಾನೂನು ಪದವೀಧರರನ್ನು ನಿಗದಿತ ಅವಧಿಗೆ ಲಾ ಕ್ಲರ್ಕ್‌ಗಳಾಗಿ ನೇಮಿಸಿಕೊಳ್ಳುವರು. ಕಾನೂನು ಓದುವ ಮಕ್ಕಳಿಗೆ ವಾಗ್ವೈಖರಿಯೊಂದೇ ಸಾಕೆಂದು ತಾಯಿತಂದೆಗಳು ಭಾವಿಸಬಾರದು. ಹೆಸರಿನ ಹಂಬಲವಿಲ್ಲದೆ, ಅಪರಿಚಿತನೊಬ್ಬನ ಅಂಕುಡೊಂಕು ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಓದುವ ತಾಳ್ಮೆಯನ್ನೂ ಅವರಿಗೆ ಕಲಿಸೋಣ. ನ್ಯಾಯದ ಬಾಗಿಲು ಕೆಲವೊಮ್ಮೆ ತೆರೆಯುವುದು ಆ ಕೊನೆಯ ಸಾಲಿನಲ್ಲಿಯೇ.