ಪಿತ್ತನಾಳದಲ್ಲಿ ತಡೆ, ಮೂತ್ರಪಿಂಡಕ್ಕೆ ಪೆಟ್ಟು

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆ ನಮ್ಮಲ್ಲಿದೆ. ಕಾಮಾಲೆಯಾದವರಿಗೆ ಲೋಕವೇನೂ ಹಳದಿಯಾಗಿ ಕಾಣುವುದಿಲ್ಲ. ಅವರನ್ನು ನೋಡುವ ನಮಗೆ ಮಾತ್ರ ಎಲ್ಲ ಹಳದಿಯೂ ಒಂದೇ ಎಂದು ತೋರುತ್ತದೆ. ಕಣ್ಣು ಹಳದಿಯಾಯಿತೆಂದರೆ ಕಾಮಣಿಯಾಗಿದೆ ಎಂದು ತೀರ್ಮಾನಿಸಿ ಔಷಧ ಕೊಡುವವರ ಮನೆಯ ದಾರಿ ಹಿಡಿಯುವುದು ನಮ್ಮ ಊರುಗಳಲ್ಲಿ ಇಂದಿಗೂ ರೂಢಿ. ಬರಿಹೊಟ್ಟೆಗೆ ಸೊಪ್ಪಿನ ರಸ, ಉಪ್ಪು ಎಣ್ಣೆ ಬಿಟ್ಟ ಪಥ್ಯ, ಕೆಲವೆಡೆ ಮೂಗಿಗೆ ಹನಿ, ಇನ್ನು ಕೆಲವೆಡೆ ತೋಳಿಗೆ ಬರೆ. ಬಹುಪಾಲು ಜನರಿಗೆ ಕೆಲವು ವಾರಗಳಲ್ಲಿ ಹಳದಿ ಇಳಿದು, ಔಷಧಕ್ಕೆ ಕೀರ್ತಿಯೂ ಬರುತ್ತದೆ. ಅವರಿಗೆ ಬಂದದ್ದು ಕಲುಷಿತ ನೀರು, ಆಹಾರಗಳಿಂದ ಹರಡುವ ವೈರಾಣುವಿನ ಕಾಮಾಲೆ. ಹೆಚ್ಚಿನವರಲ್ಲಿ ಅದು ವಿಶ್ರಾಂತಿಯಿಂದಲೇ ವಾಸಿಯಾಗತಕ್ಕದ್ದು.

ಈ ಸಂಚಿಕೆಯಲ್ಲಿ ನಾವು ಬರೆಯಹೊರಟಿರುವುದು ಹಾಗೆ ವಾಸಿಯಾಗದ ಇನ್ನೊಂದು ಕಾಮಾಲೆಯ ವಿಷಯ. ಹೋದ ವರ್ಷ ಅರವತ್ತು ದಾಟಿದ ರೈತರೊಬ್ಬರನ್ನು ಅವರ ಮಗ ನಮ್ಮಲ್ಲಿಗೆ ಕರೆತಂದರು. ಕಣ್ಣು ಹಳದಿಯಾಗಿ ಐದು ವಾರವಾಗಿತ್ತು. ಮೈಯೆಲ್ಲ ತುರಿಕೆ, ಅದನ್ನು ಉಷ್ಣವೆಂದು ಭಾವಿಸಿದ್ದರು. ಪಥ್ಯ ನಿಷ್ಠೆಯಿಂದ ನಡೆದಿತ್ತು. ಬೇನೆ ಹೋಗಲೆಂದು ಹರಕೆ ಹೊತ್ತು ಸೋಮವಾರಗಳಂದು ನೀರನ್ನೂ ಮುಟ್ಟದೆ ಉಪವಾಸವಿದ್ದರು. ನಡುವೆ ಚಳಿಜ್ವರ ಬಂದಾಗ ಅಂಗಡಿಯ ನೋವಿನ ಗುಳಿಗೆ ನುಂಗಿದ್ದರು. ಬಂದ ದಿನ ಅವರ ಮೂತ್ರ ಇಪ್ಪತ್ನಾಲ್ಕು ಗಂಟೆಗೆ ಒಂದು ಲೋಟದಷ್ಟು ಮಾತ್ರ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡಿದೆ, ಮೂತ್ರಪಿಂಡಗಳು ಸೋತಿವೆ ಎಂದು ತಿಳಿಸಿದಾಗ ಮಗ ಕೇಳಿದರು: "ಬ್ಯಾನಿ ಇದ್ದದ್ದು ಪಿತ್ತದಾಗ, ಕಿಡ್ನಿಗೇನಾತ್ರಿ ಸರ?"

ಇದು ತುಂಬ ಒಳ್ಳೆಯ ಪ್ರಶ್ನೆ. ಯಕೃತ್ತು ದಿನಕ್ಕೆ ಅರ್ಧದಿಂದ ಒಂದು ಲೀಟರಿನಷ್ಟು ಪಿತ್ತರಸವನ್ನು ತಯಾರಿಸುತ್ತದೆ. ಅದು ಪಿತ್ತನಾಳದ ಮೂಲಕ ಸಣ್ಣಕರುಳಿಗೆ ಇಳಿಯಬೇಕು. ಪಿತ್ತಕೋಶದಿಂದ ಜಾರಿದ ಕಲ್ಲು, ಮೇದೋಜೀರಕ ಗ್ರಂಥಿಯ ತಲೆಭಾಗದ ಅಥವಾ ಪಿತ್ತನಾಳದ್ದೇ ಗಡ್ಡೆ, ನಾಳದ ಸಂಕೋಚ, ಅಪರೂಪಕ್ಕೆ ಜಂತುಹುಳು, ಇವುಗಳಲ್ಲಿ ಯಾವುದಾದರೊಂದು ಆ ದಾರಿಯನ್ನು ಕಟ್ಟಬಹುದು. ಕಾಲುವೆಗೆ ಬಂಡೆ ಉರುಳಿದರೆ ಕೆಳಗಿನ ಹೊಲ ಒಣಗುತ್ತದೆ, ಮೇಲಿನ ಹೊಲ ಜವುಳಾಗುತ್ತದೆ. ಇಲ್ಲಿಯೂ ಹಾಗೆಯೇ. ಪಿತ್ತ ಬಾರದ ಕರುಳಿನಲ್ಲಿ ಮಲ ಬಣ್ಣಗೆಟ್ಟು ಬೂದಿಯಂತೆ, ಜೇಡಿಮಣ್ಣಿನಂತೆ ಆಗುತ್ತದೆ. ಹಿಂದಕ್ಕೆ ಒತ್ತಿದ ಪಿತ್ತ ರಕ್ತಕ್ಕೆ ಸೇರಿ ಕಣ್ಣು ಹಳದಿಯಾಗುತ್ತದೆ, ಮೈ ತುರಿಸುತ್ತದೆ, ಮೂತ್ರ ಹಾಲಿಲ್ಲದ ಚಹದ ಬಣ್ಣಕ್ಕೆ ತಿರುಗುತ್ತದೆ.

ಮೂತ್ರಪಿಂಡಕ್ಕೆ ಹಾನಿ ತಟ್ಟುವುದು ಎರಡೂ ಹೊಲಗಳಿಂದ. ಪಿತ್ತರಸದ ಕೆಲಸ ಜಿಡ್ಡನ್ನು ಕರಗಿಸುವುದಷ್ಟೇ ಎಂದು ಬಹುಕಾಲ ತಿಳಿಯಲಾಗಿತ್ತು. ಕರುಳಿನಲ್ಲಿ ವಾಸಿಸುವ ಕೋಟ್ಯಂತರ ಬ್ಯಾಕ್ಟೀರಿಯಾಗಳನ್ನು ಹತೋಟಿಯಲ್ಲಿಟ್ಟು, ಅವುಗಳ ಕವಚದಿಂದ ಉದುರುವ ಎಂಡೋಟಾಕ್ಸಿನ್ ಎಂಬ ವಿಷಾಂಶವನ್ನು ನಿಷ್ಫಲಗೊಳಿಸುವುದೂ ಅದರ ಕಾಯಕವೇ. ಪಿತ್ತ ಇಳಿಯದಿದ್ದಾಗ ಆ ವಿಷಾಂಶ ಕರುಳಿನ ಗೋಡೆ ದಾಟಿ ರಕ್ತಕ್ಕೆ ಬರುತ್ತದೆ. ಆರೋಗ್ಯವಂತ ಯಕೃತ್ತಾಗಿದ್ದರೆ ಅದನ್ನು ಹೊಸ್ತಿಲಲ್ಲಿಯೇ ತಡೆಯುತ್ತಿತ್ತು. ಪಿತ್ತ ತುಂಬಿ ಬಳಲಿದ ಯಕೃತ್ತಿಗೆ ಆ ಶಕ್ತಿ ಇಲ್ಲ. ವಿಷಾಂಶ ಮೈಯೆಲ್ಲ ಹರಿದು ಮೂತ್ರಪಿಂಡದ ರಕ್ತನಾಳಗಳನ್ನು ಸಂಕುಚಿತಗೊಳಿಸುತ್ತದೆ.

ಇನ್ನು ರಕ್ತಕ್ಕೆ ಸೇರಿದ ಪಿತ್ತಾಮ್ಲಗಳು ಮೂತ್ರಪಿಂಡದಿಂದ ಉಪ್ಪು ನೀರು ಹೆಚ್ಚಾಗಿ ಸೋರಿಹೋಗುವಂತೆ ಮಾಡುತ್ತವೆ. ಹೃದಯದ ಬಡಿತದ ಬಲವನ್ನೂ ಕುಗ್ಗಿಸುತ್ತವೆ. ರೋಗಿಗೆ ಊಟ ಸೇರದು, ವಾಂತಿ ಬೇರೆ. ಹೀಗೆ ಮೈಯೊಳಗಿನ ನೀರು ಸದ್ದಿಲ್ಲದೆ ಇಳಿಯುತ್ತಿರುವ ಹೊತ್ತಿನಲ್ಲಿಯೇ ನಾವು ಉಪ್ಪಿಲ್ಲದ ಪಥ್ಯವನ್ನೂ ನಿರ್ಜಲ ಉಪವಾಸವನ್ನೂ ಅವರ ಮೇಲೆ ಹೇರುತ್ತೇವೆ! ತಡೆ ಹಳೆಯದಾಗಿ ಬಿಲಿರುಬಿನ್ ಇಪ್ಪತ್ತು ಮಿಲಿಗ್ರಾಂ ದಾಟಿತೆಂದರೆ (ಆರೋಗ್ಯವಂತರಲ್ಲಿ ಅದು ಸುಮಾರು ಒಂದರೊಳಗಿರುತ್ತದೆ) ಪಿತ್ತದ ವರ್ಣದ್ರವ್ಯವೇ ಹರಳುಗಟ್ಟಿದಂತೆ ಮೂತ್ರಪಿಂಡದ ಸೂಕ್ಷ್ಮನಳಿಕೆಗಳಲ್ಲಿ ಕೂತುಬಿಡುವುದೂ ಉಂಟು. ಕಟ್ಟಿನಿಂತ ಪಿತ್ತದಲ್ಲಿ ಸೋಂಕು ಬೆಳೆದರಂತೂ ಅಪಾಯ ಗಂಟೆಗಳ ಲೆಕ್ಕದ್ದು. ನಡುಕದ ಚಳಿಜ್ವರ, ಬಲಪಕ್ಕೆಯ ಮೇಲ್ಭಾಗದಲ್ಲಿ ನೋವು, ಕಾಮಾಲೆ, ಈ ಮೂರನ್ನು ಒಟ್ಟಾಗಿ ಕಂಡು ಫ್ರಾನ್ಸಿನ ವೈದ್ಯ ಶಾರ್ಕೋ 1877ರಲ್ಲಿಯೇ ಎಚ್ಚರಿಸಿದ್ದರು. ನಮ್ಮ ರೈತರಿಗೆ ಬಂದ ಚಳಿಜ್ವರ ಅದೇ ಆಗಿತ್ತು.

ಈ ನಂಟು ವೈದ್ಯರಿಗೂ ಕಷ್ಟಪಟ್ಟೇ ಅರ್ಥವಾದದ್ದು. 1911ರ ಸುಮಾರಿಗೆ ಕ್ಲೇರ್‌ಮಾಂಟ್ ಮತ್ತು ಹಾಬೆರೆರ್ ಎಂಬ ಶಸ್ತ್ರವೈದ್ಯರು, ಪಿತ್ತದ ಕಲ್ಲಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಕೆಲವು ರೋಗಿಗಳಲ್ಲಿ ಮೂತ್ರವೇ ನಿಂತುಹೋದದ್ದನ್ನು ದಾಖಲಿಸಿದರು. ಮುಂದೆ ದಶಕಗಳ ಕಾಲ ತಡೆಕಾಮಾಲೆಯ ಶಸ್ತ್ರಚಿಕಿತ್ಸೆ ಎಂದರೆ ವೈದ್ಯರಿಗೇ ಅಂಜಿಕೆ. ಹಳೆಯ ವರದಿಗಳನ್ನು ನೋಡಿದರೆ ಹತ್ತರಲ್ಲಿ ಸುಮಾರು ಒಬ್ಬರ ಮೂತ್ರಪಿಂಡ ಸೋಲುತ್ತಿತ್ತು, ಹಾಗೆ ಸೋತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬದುಕುತ್ತಿರಲಿಲ್ಲ. 1965ರಲ್ಲಿ ಇಂಗ್ಲೆಂಡಿನ ಡಾಸನ್ ಎಂಬುವರು ಮೂತ್ರವನ್ನು ಹೆಚ್ಚಿಸುವ ಮ್ಯಾನಿಟಾಲ್ ದ್ರಾವಣವನ್ನು ಸೂಚಿಸಿದರು. ಅದು ಎಲ್ಲೆಡೆ ಪದ್ಧತಿಯಾಯಿತು. ಮುಂದೆ ಹೋಲಿಸಿ ನೋಡಿದಾಗ, ನಾಳಗಳಲ್ಲಿ ನೀರು ಉಪ್ಪು ಸಾಕಷ್ಟು ತುಂಬಿರುವಂತೆ ನೋಡಿಕೊಳ್ಳುವುದಕ್ಕಿಂತ ಅದರಿಂದ ಹೆಚ್ಚಿನ ಲಾಭವೇನೂ ಸಿಗಲಿಲ್ಲ. ಸರಳವಾದ ಸಲೈನೇ ಗೆದ್ದಿತೆನ್ನಬೇಕು.

ಇಂದು ಹೊಟ್ಟೆ ಕೊಯ್ಯದೆಯೇ ತಡೆ ಬಿಡಿಸಬಹುದು. ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ಪಿತ್ತನಾಳದ ಬಾಯನ್ನು ಸೀಳಿ ಕಲ್ಲು ತೆಗೆಯುವ ವಿಧಾನ 1974ರಿಂದ ಬಳಕೆಯಲ್ಲಿದೆ. ಗಡ್ಡೆಯಿದ್ದರೆ ಸ್ಟೆಂಟ್ ಎಂಬ ಕೊಳವೆಯನ್ನು ಇರಿಸುತ್ತಾರೆ. ಅದೂ ಆಗದಿದ್ದರೆ ಪಕ್ಕೆಯ ಚರ್ಮದ ಮೂಲಕ ಕೊಳವೆ ಹಾಯಿಸಿ ಪಿತ್ತವನ್ನು ಹೊರಕ್ಕೆ ಹರಿಸುತ್ತಾರೆ. ಪಿತ್ತವಿಲ್ಲದೆ ಕೆ ಜೀವಸತ್ವ ಮೈಗೆ ಹತ್ತದು, ರಕ್ತ ಹೆಪ್ಪುಗಟ್ಟದು. ಆದ್ದರಿಂದ ಮೊದಲೇ ಅದರ ಚುಚ್ಚುಮದ್ದು ಕೊಡಬೇಕಾಗುತ್ತದೆ. ತಡೆ ಬೇಗ ಬಿಟ್ಟಷ್ಟೂ ಮೂತ್ರಪಿಂಡ ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು.

ಆದರೆ ಆಸ್ಪತ್ರೆಗೆ ಬರುವ ಮೊದಲಿನ ದಿನಗಳು ಮನೆಯವರ ಕೈಯಲ್ಲಿವೆ. ಕಾಮಾಲೆಯಾದವರ ಮಲದ ಬಣ್ಣವನ್ನು ಕೇಳಲು ಸಂಕೋಚ ಬೇಡ. ಮಲ ಬಿಳಿಚಿಕೊಂಡು ತುರಿಕೆಯೂ ಇದ್ದರೆ ಸೊಪ್ಪಿನ ರಸಕ್ಕೆ ಕಾಯದೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಬೇಕು. ನೋವೇ ಇಲ್ಲವಲ್ಲ ಎಂದು ಸಮಾಧಾನಪಡುವಂತಿಲ್ಲ. ಗಡ್ಡೆಯ ಕಾಮಾಲೆ ಅನೇಕ ವೇಳೆ ನೋವಿಲ್ಲದೆಯೇ ಬರುತ್ತದೆ. ಅಳತೆಯ ಪಾತ್ರೆಯೊಂದನ್ನು ಇಟ್ಟುಕೊಂಡು ದಿನದ ಮೂತ್ರವನ್ನು ಅಳೆಯಿರಿ. ಅರವತ್ತು ಕಿಲೋ ತೂಕದವರಿಗೆ ದಿನಕ್ಕೆ ಮುಕ್ಕಾಲು ಲೀಟರಿಗೆ ಕಡಿಮೆಯಾಯಿತೆಂದರೆ ತಡಮಾಡಬಾರದು. ಬಣ್ಣ ಗಾಢವಾಗಿದೆ ಎಂದು ಎಲ್ಲರೂ ಹೇಳುತ್ತಾರೆ, ಪ್ರಮಾಣ ಎಷ್ಟೆಂದು ಹೇಳುವವರು ವಿರಳ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಮೊದಲಾದ ನೋವಿನ ಗುಳಿಗೆಗಳನ್ನು ಸ್ವಂತ ಬುದ್ಧಿಯಿಂದ ನುಂಗಬಾರದು; ಅವು ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ಇನ್ನಷ್ಟು ತಗ್ಗಿಸುತ್ತವೆ. ಜೆಂಟಾಮೈಸಿನ್, ಅಮಿಕಾಸಿನ್ ಚುಚ್ಚುಮದ್ದುಗಳನ್ನು ಊರಿನಲ್ಲಿ ಹಾಕಿಸಿಕೊಂಡಿದ್ದರೆ ಅದನ್ನು ಆಸ್ಪತ್ರೆಯಲ್ಲಿ ತಪ್ಪದೆ ತಿಳಿಸಬೇಕು. ಹೃದಯದ ತೊಂದರೆ, ಕಾಲುಬಾವು ಇಲ್ಲದವರು ನೀರು, ಉಪ್ಪು ಹಾಕಿದ ಗಂಜಿ ಕುಡಿಯುತ್ತಿರಲಿ. ಎಳನೀರನ್ನು ಕಾಮಾಲೆಗೆ ಅಮೃತವೆಂದು ನಂಬಿದವರಿದ್ದಾರೆ. ಮೂತ್ರ ಸರಾಗವಾಗಿ ಹೋಗುತ್ತಿರುವಾಗ ಅದಕ್ಕೆ ನಮ್ಮ ಅಡ್ಡಿಯಿಲ್ಲ. ಮೂತ್ರ ಕಡಿಮೆಯಾದ ಮೇಲೆ ಮಾತ್ರ ಅದರಲ್ಲಿನ ಪೊಟ್ಯಾಸಿಯಂ ರಕ್ತದಲ್ಲಿ ಏರಿ ಹೃದಯದ ಲಯವನ್ನೇ ಕೆಡಿಸಬಲ್ಲದು. ಹರಕೆಯ ಉಪವಾಸವನ್ನು ರೋಗ ವಾಸಿಯಾದ ಮೇಲೆ ತೀರಿಸಿದರೆ ಶಿವನು ಮುನಿಯಲಾರನು.

ವರದಿಯ ವಿಷಯದಲ್ಲಿ ಒಂದು ಮಾತು. ಕ್ರಿಯಾಟಿನಿನ್ ಸರಿಯಾಗಿದೆ ಎಂದು ಕಾಗದದಲ್ಲಿದ್ದರೂ ಇಂಥವರಲ್ಲಿ ಪೂರ್ಣವಾಗಿ ನಂಬಲಾಗದು. ಮೈಕಟ್ಟು ಕರಗಿದವರಲ್ಲಿ ಅದು ತಾನಾಗಿಯೇ ಕಡಿಮೆ ಇರುತ್ತದೆ. ಮೇಲಾಗಿ ಹಳೆಯ ಪರೀಕ್ಷಾ ವಿಧಾನದಲ್ಲಿ ರಕ್ತದ ಹಳದಿಯೇ ಅಡ್ಡಬಂದು ಅಂಕಿಯನ್ನು ತಗ್ಗಿಸಿ ತೋರಿಸುತ್ತದೆ. ಅಳತೆಯ ಪಾತ್ರೆ ಅಂಥ ಸುಳ್ಳು ಹೇಳದು.

ಆ ರೈತರಿಗೆ ಮರುದಿನವೇ ಕಲ್ಲು ತೆಗೆಯಲಾಯಿತು. ಮೂರು ಬಾರಿ ಡಯಾಲಿಸಿಸ್ ಬೇಕಾಯಿತು. ಆರನೆಯ ದಿನ ಮೂತ್ರ ತಿರುಗಿ ಬರತೊಡಗಿತು. ತಿಂಗಳ ನಂತರ ತಪಾಸಣೆಗೆ ಬಂದಾಗ ಮಗ ಗೋಡೆಯ ಕ್ಯಾಲೆಂಡರನ್ನೇ ಸುರುಳಿ ಸುತ್ತಿಕೊಂಡು ತಂದಿದ್ದರು. ಅದರ ಪ್ರತಿ ದಿನದ ಮನೆಯಲ್ಲೂ ತಂದೆಯ ಮೂತ್ರದ ಅಳತೆ ಬರೆದಿತ್ತು. ಪಿತ್ತಕೋಶದಲ್ಲಿ ಇನ್ನೂ ಕಲ್ಲುಗಳಿವೆ, ಅದನ್ನು ತೆಗೆಸಿಬಿಡಬೇಕು ಎಂದೆವು. ಜಾತ್ರೆ ಮುಗಿಯಲಿ ಎಂದರು ಹಿರಿಯರು. ಜಾತ್ರೆಗೆ ಮುಂಚೆಯೇ ಆಗಲಿ ಎಂದು ನಾವು ದಿನ ಗೊತ್ತುಮಾಡಿ, ಅದೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಟ್ಟೆವು.